ಮಾವ ಹಲ್ಲು ಕೀಳಿಸಿಕೊಂಡ ವಾರ

ನನ್ನ ಮಾವ ಕುಶನ್ ಕೆಲಸದವರು. ಹರಿದ ಸೋಫಾ, ಕುಸಿದ ಕುರ್ಚಿ, ಬಸ್ಸಿನ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಯಾವುದೇ ಬರಲಿ, ಹಳೆಯ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ನಾರು ತುಂಬಿ, ಹೊಸ ರೆಕ್ಸಿನ್ ಎಳೆದು ಮೊಳೆ ಹೊಡೆದು ಕೊಡುತ್ತಿದ್ದರು. ಸೈಕಲ್ ರಿಪೇರಿಯವನಿಗೂ ಕನ್ನಡಕದಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಉದ್ದನೆಯ ಕೋಣೆ ಅವರ ಅಂಗಡಿ. ಒಳಗೆ ಕೆಲಸ, ಹೊರಗೆ ಫುಟ್‌ಪಾತಿನ ಮೇಲೆ ಹೊಟ್ಟೆ ಬಗೆದುಕೊಂಡು ಸರದಿಗೆ ಕಾಯುವ ಸೋಫಾಗಳು.

ಆ ಬೀದಿಯವರು ಅವರನ್ನು ಕರೆಯುತ್ತಿದ್ದುದು ಮೊಳೆಬಾಯಿ ಮಾಸ್ತರು ಎಂದು. ಕೆಲಸಕ್ಕೆ ಕೂತಾಗ ಗಿಡ್ಡ ಮೊಳೆಗಳನ್ನು ಹಿಡಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡು ಎಡದವಡೆಯಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದರು. ನಾಲಗೆ ಅವುಗಳಲ್ಲಿ ಒಂದನ್ನು ತಿರುವಿ, ತಲೆ ಮುಂದಾಗಿಸಿ ತುಟಿಗೆ ತರುತ್ತಿತ್ತು. ಆಯಸ್ಕಾಂತದ ತುದಿಯ ಸುತ್ತಿಗೆ ತುಟಿಯನ್ನು ಸೋಕಿ ಮೊಳೆಯನ್ನು ಎತ್ತಿಕೊಂಡು ಹೋಗಿ ಚೌಕಟ್ಟಿಗೆ ಬಡಿಯುತ್ತಿತ್ತು. ಎಡಗೈ ಬಟ್ಟೆ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ; ಹಾಗಾಗಿ ಮೂರನೆಯ ಕೈ ಎಂದರೆ ಬಾಯಿಯೇ. ಅದೇ ಬಾಯಿಯ ಬಲಮೂಲೆಯಲ್ಲಿ ಒಂದು ಸಿಗರೇಟು ಹೊಗೆಯಾಡುತ್ತಿರುತ್ತಿತ್ತು. ನೋಡುವವರಿಗೆ ಎದೆ ಝಲ್ಲೆನ್ನಬೇಕು. ಅವರು ಮಾತ್ರ ಎರಡರ ನಡುವಿನ ಸಂದಿಯಿಂದಲೇ ಗಿರಾಕಿಯ ಹತ್ತಿರ ಮಾತನ್ನೂ ಆಡುತ್ತಿದ್ದರು.

ಅತ್ತೆಗೆ ಮೊಳೆಯ ಮೇಲೆ ಸಿಟ್ಟಿರಲಿಲ್ಲ, ಅದು ಅನ್ನ ಕೊಡುವ ಮೊಳೆ. ಸಿಟ್ಟೆಲ್ಲ ಸಿಗರೇಟಿನ ಮೇಲೆ.

"ಒಂದ್ಕಡೆ ಕಬ್ಬಿಣ, ಒಂದ್ಕಡೆ ಬೆಂಕಿ" ಎನ್ನುತ್ತಿದ್ದರು. "ಹೆಂಡತಿ ಹತ್ರ ಎರಡು ಮಾತಾಡೋಕೆ ಆ ಬಾಯಲ್ಲಿ ಜಾಗ ಎಲ್ಲಿದೆ?"

ನಾನು ಆ ಮನೆಗೆ ಸೊಸೆಯಾಗಿ ಬಂದು ಕೆಲವೇ ತಿಂಗಳಾಗಿತ್ತು. ನನ್ನ ಗಂಡ ದೂರದೂರಿಗೆ ಲಾರಿ ಓಡಿಸುವವರು, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನನಗೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ರಜೆ ಕಳೆದ ಮೇಲೆ ಸೇರಬೇಕಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಅತ್ತೆ, ನಾನು. ಮಾವ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬಂದು, ಉಂಡು, ಹೊರಗೆ ನಿಂತು ಒಂದು ದಮ್ಮು ಎಳೆದು ಮಲಗಿಬಿಡುವವರು. ನನಗೂ ಅವರಿಗೂ ಅದುವರೆಗೆ ನಡೆದಿದ್ದ ಮಾತೆಂದರೆ "ಊಟ ಆಯ್ತಾಮ್ಮ?" "ಆಯ್ತು ಮಾವ" ಇಷ್ಟೇ.

ಹಲ್ಲುನೋವು ಶುರುವಾದದ್ದು ಯಾವಾಗಲೋ, ಅವರು ಬಾಯಿಬಿಟ್ಟಿರಲಿಲ್ಲ. ಬಲಗಡೆ ಕೆಳದವಡೆಯ ಹಲ್ಲು. ತುತ್ತನ್ನು ಎಡಗಡೆಗೇ ತಳ್ಳಿಕೊಂಡು ಅಗಿಯುತ್ತ, ಬಿಸಿ ಚಹಾ ಆರಿಸಿ ಕುಡಿಯುತ್ತ ಹೇಗೋ ದಿನ ದೂಡುತ್ತಿದ್ದರು. ಒಂದು ಬೆಳಿಗ್ಗೆ ಮಾತ್ರ ಕೆನ್ನೆ ಊದಿ, ಒಂದು ಕಣ್ಣು ಅರ್ಧ ಮುಚ್ಚಿಕೊಂಡೇ ಎದ್ದು ಬಂದರು.

"ಇದೇನ್ರೀ ಮುಖ?" ಎಂದರು ಅತ್ತೆ.

"ಏನಿಲ್ಲ. ಸೊಳ್ಳೆ ಕಚ್ಚಿರ್ಬೇಕು."

"ಸೊಳ್ಳೆ ನಿಮ್ಮನ್ನ ಕಚ್ತೋ, ನೀವೇ ಸೊಳ್ಳೇನ ಕಚ್ಚಿದ್ರೋ? ನಡೀರಿ ಡಾಕ್ಟ್ರ ಹತ್ರ."

ಹಲ್ಲಿನ ಡಾಕ್ಟರು ಔಷಧಿ ಅಂಗಡಿಯ ಮಹಡಿಯಲ್ಲಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ಕೈ ಚುರುಕು, ಮಾತೂ ಚುರುಕು. ಮೊದಲು ಮಾತ್ರೆ ಕೊಟ್ಟು ಊತ ಇಳಿಸಿ, ಆಮೇಲೆ ಒಂದು ದಿನ ಕೀಳಲು ಕರೆದರು. ನಾನೂ ಜೊತೆಗೆ ಹೋಗಿದ್ದೆ. ಮಾವ ಆ ಉದ್ದನೆಯ ಕುರ್ಚಿಯಲ್ಲಿ ಒರಗಿದವರು ಹೆದರಿಕೆಯನ್ನು ಮರೆತು ಕೈ ಕೆಳಗೆ ಬಿಟ್ಟು ಸೀಟಿನ ಅಂಚು ತಡವತೊಡಗಿದರು.

"ಡಾಕ್ಟ್ರೇ, ಇಲ್ಲಿ ಹೊಲಿಗೆ ಬಿಟ್ಟಿದೆ. ಒಳಗಿನ ಫೋಮೂ ಸತ್ತೋಗಿದೆ."

"ನಿಮ್ಮ ಹಲ್ಲೂ ಅಷ್ಟೇ. ಮೊದ್ಲು ಬಾಯಿ ಬಿಡಿ" ಎಂದರು ಡಾಕ್ಟರು.

ಹಲ್ಲು ಸುಲಭಕ್ಕೆ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮಗೆ ಒಳಗಿನಿಂದ ಉಪಕರಣಗಳ ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ನಮ್ಮನ್ನು ಒಳಗೆ ಕರೆದಾಗ ಮಾವ ಹತ್ತಿಯ ಉಂಡೆ ಕಚ್ಚಿಕೊಂಡು, ತಟ್ಟೆಯಲ್ಲಿ ಬಿದ್ದಿದ್ದ ತಮ್ಮ ಎರಡು ಬೇರಿನ ಹಲ್ಲನ್ನೇ ನೋಡುತ್ತಿದ್ದರು. ಕಿತ್ತ ಮೊಳೆಯನ್ನು ಬೆಳಕಿಗೆ ಹಿಡಿದು ನೋಡುವಾಗಿನ ಅದೇ ನೋಟ.

"ಈಗ ಗಮನ ಇಟ್ಟು ಕೇಳಿ" ಎಂದರು ಡಾಕ್ಟರು. "ಹಲ್ಲಿದ್ದ ಗುಂಡೀಲಿ ರಕ್ತ ಹೆಪ್ಪುಗಟ್ಟುತ್ತೆ. ಗಾಯಕ್ಕೆ ಅದೇ ಮುಚ್ಚಳ. ಅದರ ಕೆಳಗೇ ಹೊಸ ಮಾಂಸ ಬೆಳೀಬೇಕು. ಜೋರಾಗಿ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಏನನ್ನೂ ಹೀರಬೇಡಿ. ಸಿಗರೇಟಂತೂ ಮುಟ್ಟಲೇಬೇಡಿ. ದಮ್ಮು ಎಳೆದ್ರೆ ಆ ಮುಚ್ಚಳ ಕಿತ್ಕೊಂಡು ಬರುತ್ತೆ. ಹೊಗೆ ಬೇರೆ ಗಾಯ ಮಾಯೋದಕ್ಕೆ ಬಿಡಲ್ಲ."

ಮಾವ ಬಾಯಲ್ಲಿ ಹತ್ತಿಯಿದ್ದದ್ದರಿಂದ ಒಂದು ಬೆರಳು ಎತ್ತಿ ತೋರಿಸಿದರು, ದಿನಕ್ಕೆ ಒಂದಾದರೂ ಎಂಬಂತೆ.

"ಒಂದೂ ಇಲ್ಲ. ಕಡಿಮೆ ಅಂದ್ರೂ ಮೂರು ದಿನ. ವಾರ ಬಿಟ್ರೆ ಒಳ್ಳೇದು. ಪೂರ್ತಿ ಬಿಟ್ರೆ ನಿಮ್ಮ ಮನೆಯವರು ನನ್ನ ಹೆಸರು ಹೇಳಿ ದೀಪ ಹಚ್ತಾರೆ."

"ಹಚ್ತೀನಿ" ಎಂದರು ಅತ್ತೆ ತಕ್ಷಣ.

ಮನೆಗೆ ಬಂದವರೇ ಅತ್ತೆ ಮಾವನ ಜೇಬಿನಿಂದ ಪ್ಯಾಕೆಟ್ಟು, ಬೆಂಕಿಪೊಟ್ಟಣ ಎರಡನ್ನೂ ತೆಗೆದು ತಮ್ಮ ಬಟ್ಟೆಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯಬೇಕು ಇವರನ್ನ. ನಾನು ಅಡುಗೆಗೆ ನಿಂತಾಗ ನೀನು ನೋಡು, ನೀನು ಸ್ನಾನಕ್ಕೆ ಹೋದಾಗ ನಾನು ನೋಡ್ತೀನಿ."

ಮಾವನನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ. ನಾನು ಹಜಾರದ ಸೋಫಾದ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕೆನ್ನೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತಿಕೊಂಡು ಕೂರುತ್ತಿದ್ದರು. ಹಗಲಿನಲ್ಲಿ ಆ ಮನೆಯನ್ನು ಅವರು ನೋಡಿ ಎಷ್ಟು ವರ್ಷವಾಗಿತ್ತೋ. ಹತ್ತು ಗಂಟೆಯ ಬಿಸಿಲು ಅಡುಗೆಮನೆಯ ಬಾಗಿಲವರೆಗೆ ಬರುವುದು, ಎದುರುಮನೆಯ ದರ್ಜಿ ಹೆಂಗಸು ತನ್ನ ಮಿಷನ್ನಿನ ತಾಳಕ್ಕೆ ಗುನುಗುವುದು, ಅತ್ತೆ ಪಾತ್ರೆ ತೊಳೆಯುವಾಗ ಪಾತ್ರೆಗಳ ಹತ್ತಿರವೇ ಜಗಳವಾಡುವುದು, ಇವೆಲ್ಲ ಅವರಿಗೆ ಹೊಸದಾಗಿ ಕಂಡವು. ಒಮ್ಮೆ ಸನ್ನೆ ಮಾಡಿ ನನ್ನನ್ನು ಕೇಳಿದರು, ಅವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆ ಎಂದು. "ಕುಕ್ಕರ್ ಹತ್ರ ಮಾವ" ಎಂದೆ. ನಗಲು ಹೋಗಿ ಕೆನ್ನೆ ಹಿಡಿದುಕೊಂಡರು.

ಮೊದಲ ದಿನ ಹಲ್ಲು ಕಚ್ಚಿಕೊಂಡು ಕಳೆದರು ಎನ್ನಬೇಕು, ಇದ್ದ ಹಲ್ಲುಗಳನ್ನು. ಎರಡನೆಯ ದಿನ ಊತ ಇಳಿಯಿತು, ಮಾತು ಬಂತು, ಅದರ ಜೊತೆಗೆ ಚಡಪಡಿಕೆಯೂ ಬಂತು. ಎದ್ದರು, ಕೂತರು. ರೇಡಿಯೋ ಹಾಕಿದರು, ಅದರಲ್ಲಿ ಮಾತಾಡುವವನನ್ನು ಬೈದು ಆರಿಸಿದರು. ಮಧ್ಯಾಹ್ನ ಅತ್ತೆ ಒಂದು ಕ್ಷಣ ಕಣ್ಣುಮುಚ್ಚಿದ್ದಾಗ ನನ್ನ ಹತ್ತಿರ ಬಂದು ಬಹಳ ಸೌಮ್ಯವಾಗಿ ಹೇಳಿದರು: "ಸ್ವಲ್ಪ ಏಳಮ್ಮ. ಈ ಸೋಫಾದ ಸ್ಪ್ರಿಂಗ್ ಯಾಕೋ ಸದ್ದು ಮಾಡ್ತಿದೆ, ನೋಡ್ತೀನಿ."

ಎದ್ದೆ. ಅವರು ಬಗ್ಗಿ, ಸೋಫಾದ ತಳದೊಳಗೆ ಕೈ ಹಾಕಿ, ಏನನ್ನೋ ತಡಕಿ, "ಸರಿ ಹೋಯ್ತು" ಎಂದರು. ಆಮೇಲೆ ಮಹಡಿಯ ಮೇಲೆ ಒಣಗಿದ ಬಟ್ಟೆ ತರುತ್ತೇನೆ ಎಂದು ಹೊರಟರು. ಮನೆಗೆಲಸಕ್ಕೆ ಕೈ ಹಾಕುವ ಮಾವನನ್ನು ತಡೆಯಲು ನನಗೆ ಕಾರಣ ಹೊಳೆಯಲಿಲ್ಲ. ಸೋಫಾದ ತಳಬಟ್ಟೆಯಲ್ಲಿ ಅವರು ಹೊಲಿಗೆ ಬಿಚ್ಚಿ ಒಂದು ಕಿಸೆ ಮಾಡಿಟ್ಟುಕೊಂಡಿದ್ದರೆಂದೂ, ಅದರಲ್ಲಿ ಕಷ್ಟಕಾಲಕ್ಕೆಂದು ಸಿಗರೇಟು, ಬೆಂಕಿಪೊಟ್ಟಣ ಎರಡೂ ಇದ್ದವೆಂದೂ, ಕಾವಲುಗಾರ್ತಿಯಾದ ನಾನು ಎರಡು ದಿನದಿಂದ ಆ ಭಂಡಾರದ ಮೇಲೆಯೇ ಕೂತಿದ್ದೆನೆಂದೂ ತಿಳಿದದ್ದು ಆಮೇಲೆ.

ಅವರು ಕೆಳಗಿಳಿದು ಬರುವಷ್ಟರಲ್ಲಿ ಅತ್ತೆ ಎದ್ದಿದ್ದರು. ಮಾವನ ಮುಖದಲ್ಲಿ ಹಸುಗೂಸಿನ ಮುಗ್ಧತೆ.

"ಬಟ್ಟೆ ಒಣಗಿತ್ತಾ?" ಅತ್ತೆ ಕೇಳಿದರು.

"ಚೆನ್ನಾಗಿ ಒಣಗಿತ್ತು."

"ಒಣಗದೆ ಏನು. ಕೆಳಗಿಂದ ಹೊಗೆ ಹಾಕಿದ್ರಲ್ಲ."

ಅಷ್ಟೇ ಹೇಳಿದ್ದು. ಕೂಗಲಿಲ್ಲ, ಅಳಲಿಲ್ಲ. ಬಟ್ಟೆ ತೆಗೆದುಕೊಂಡು ಮಡಚುತ್ತ ಕೂತರು. ಮಾವನಿಗೆ ಅದು ಬೈಗುಳಕ್ಕಿಂತ ಭಾರವಾಯಿತೆಂದು ಕಾಣುತ್ತದೆ, ರಾತ್ರಿ ಗಂಜಿಯನ್ನು ತಲೆಯೆತ್ತದೆ ಕುಡಿದರು.

ಮರುದಿನ ಬೆಳಿಗ್ಗೆ ನೋವು ಎದ್ದಿತು. ಮೊದಲಿನ ಹಲ್ಲುನೋವು ಇದರ ಮುಂದೆ ಏನೂ ಅಲ್ಲವಂತೆ. ದವಡೆಯಿಂದ ಹೊರಟು ಕಿವಿಗೆ, ಕಿವಿಯಿಂದ ಕಪಾಲಕ್ಕೆ ಯಾರೋ ಬಿಸಿ ತಂತಿ ಎಳೆಯುತ್ತಿರುವ ಹಾಗೆ. ಬಾಯಿಯಿಂದ ಕೆಟ್ಟ ವಾಸನೆ. ಮಾತ್ರೆ ನುಂಗಿದರೂ ಕಡಿಮೆಯಾಗಲಿಲ್ಲ. ಬೆರಳಿಗೆ ಸೂಜಿ ಆಚೆಯಿಂದೀಚೆಗೆ ಹೊಕ್ಕರೂ ಹ್ಞಾ ಎನ್ನದ ಮನುಷ್ಯ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಅತ್ತೆ ಅವರ ಬೆನ್ನ ಮೇಲೆ ಕೈ ಇಟ್ಟು, "ನಡೀರಿ" ಎಂದರು. ಆ ದನಿಯಲ್ಲಿ ಹಿಂದಿನ ದಿನದ ಸಿಟ್ಟಿನ ಲೇಶವೂ ಇರಲಿಲ್ಲ.

ಡಾಕ್ಟರು ಕನ್ನಡಿ ಹಿಡಿದು ಬಾಯೊಳಗೆ ನೋಡಿ ಹಿಂದೆ ಸರಿದರು. "ಎಷ್ಟು ಸೇದಿದ್ರಿ?"

ಮಾವ ಒಂದು ಬೆರಳು ಎತ್ತಿದರು. ಅತ್ತೆ ಕೈ ಚಾಚಿ ಅವರ ಇನ್ನೆರಡು ಬೆರಳುಗಳನ್ನು ಎತ್ತಿ ನಿಲ್ಲಿಸಿದರು.

"ಮಹಡಿ ಮೇಲೆ ತುಂಡು ಎಣಿಸಿದೀನಿ" ಎಂದರು.

ಡಾಕ್ಟರಿಗೆ ನಗು ಬಂದಿತ್ತು, ತಡೆದುಕೊಂಡರು. ಗುಂಡಿ ಖಾಲಿಯಾಗಿದೆ, ಹೆಪ್ಪು ಹೋಗಿ ಒಳಗಿನ ಎಲುಬು ಬಯಲಾಗಿದೆ, ಗಾಳಿ ಸೋಕಿದರೂ ಉರಿಯುತ್ತದೆ ಎಂದು ವಿವರಿಸಿದರು. ಗುಂಡಿಯನ್ನು ತೊಳೆದು, ಲವಂಗದ ವಾಸನೆಯ ಔಷಧಿಯಲ್ಲಿ ಅದ್ದಿದ ಸಣ್ಣ ಬಟ್ಟೆಯ ಪಟ್ಟಿಯನ್ನು ಅದರೊಳಗೆ ಮೆತ್ತಗೆ ತುರುಕಿದರು. ಸ್ವಲ್ಪ ಹೊತ್ತಿನಲ್ಲೇ ಮಾವನ ಹೆಗಲು ಸಡಿಲವಾಯಿತು.

"ಇನ್ನು ಗಾಯ ಬುಡದಿಂದ ನಿಧಾನಕ್ಕೆ ತುಂಬ್ಕೊಂಡು ಬರ್ಬೇಕು. ಪಟ್ಟಿ ಬದಲಾಯಿಸೋಕೆ ಆಗಾಗ ಬರ್ತಿರಿ. ಬಾಯಿಗೆ ಸಿಗರೇಟೂ ಇಲ್ಲ, ಮೊಳೇನೂ ಇಲ್ಲ."

"ಮೊಳೆನೂ ಇಲ್ವಾ?" ಮಾವನ ದನಿ ಸೋತುಹೋಗಿತ್ತು.

"ಮೊಳೆನೂ ಇಲ್ಲ. ಅಂಗಡಿ ಒಂದು ವಾರ ಮುಚ್ಚಿ."

ಅಂಗಡಿಗೆ ಬೀಗ ಬಿತ್ತು. ಆ ವಾರವನ್ನು ನೆನೆದರೆ ನನಗೆ ಈಗಲೂ ಹಾಯೆನಿಸುತ್ತದೆ, ಮಾವನಿಗೆ ಅದು ಸುಖದ ವಾರವಲ್ಲದಿದ್ದರೂ. ಕೈ ಸುಮ್ಮನಿರಲಾರದೆ ಅವರು ಮನೆಯ ಕುರ್ಚಿಗಳನ್ನೆಲ್ಲ ತಿರುಗಿಸಿ ಕೂತರು. ಮೊಳೆ ಹೊಡೆಯುವಂತಿಲ್ಲ, ಹಾಗಾಗಿ ಸೂಜಿದಾರದ ಕೆಲಸ. ಸೋಫಾದ ತಳದ ಕಿಸೆಯನ್ನು ತಾವೇ ತೋರಿಸಿ, ನನ್ನ ಎದುರಿಗೇ ಹೊಲಿದು ಮುಚ್ಚಿದರು. "ಇದು ನಮ್ಮಿಬ್ಬರ ನಡುವೆ ಇರ್ಲಿ" ಎಂದರು. ನಾನು ಹೂಂ ಎಂದೆ. ಅತ್ತೆ ಒಳಗಿನಿಂದ, "ನಮ್ಮ ಮೂವರ ನಡುವೆ" ಎಂದರು.

ಒಂದು ಮಧ್ಯಾಹ್ನ ಅತ್ತೆ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿದ್ದೆ. ಮಾವ ಎದ್ದು ಬಾಗಿಲವರೆಗೆ ಹೋಗುವುದು, ಬೀದಿ ನೋಡುವುದು, ಮತ್ತೆ ಬಂದು ಕೂರುವುದು ಮಾಡುತ್ತಿದ್ದರು. ಬೆರಳುಗಳು ತಾವಾಗಿಯೇ ಖಾಲಿ ಜೇಬಿಗೆ ಹೋಗಿ ಬರುತ್ತಿದ್ದವು.

ಅತ್ತೆ ನೋಡಿ ನೋಡಿ ಹೇಳಿದರು: "ಯಾವ ಪುಣ್ಯಾತ್ಮ ಕಲಿಸಿದ್ನೋ ನಿಮಗೆ ಈ ದರಿದ್ರ ಚಟಾನ. ಅವನೇನಾದ್ರೂ ಈಗ ಕೈಗೆ ಸಿಕ್ಕಿದ್ರೆ."

"ಅವನಲ್ಲ" ಎಂದರು ಮಾವ.

"ಮತ್ತೆ?"

"ಅವಳು."

ಬಟಾಣಿ ಸುಲಿಯುತ್ತಿದ್ದ ಕೈ ನಿಂತಿತು. ನಾನು ಎದ್ದು ಒಳಗೆ ಹೋಗಬೇಕೋ, ಕೂತಿರಬೇಕೋ ತಿಳಿಯದೆ ಬಟಾಣಿ ಸಿಪ್ಪೆಯನ್ನು ನೋಡಿದೆ.

"ಯಾವಳು?" ಎಂದರು ಅತ್ತೆ.

"ನೀನೇ."

ಅತ್ತೆ ಮದುವೆಗೆ ಮುಂಚೆ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದರು. ಇದು ನನಗೆ ಗೊತ್ತಿತ್ತು. ಟಾಕೀಸಿನ ಮುಂಭಾಗದಲ್ಲಿ ಕಲ್ಲಿನ ಗೋಡೆಗೆ ಕೊರೆದ ಒಂದು ಸಣ್ಣ ಕಿಂಡಿ. ಅದರೊಳಗೆ ಕೂತವರಿಗೆ ಹೊರಗಿನ ಮುಖಗಳು ಕಾಣುವುದಿಲ್ಲ, ಕೈಗಳು ಮಾತ್ರ. ಜನರನ್ನು ಕೈ ನೋಡಿಯೇ ಗುರುತಿಸುತ್ತಿದ್ದೆ ಎಂದು ಅತ್ತೆ ಆಗಾಗ ಹೇಳುತ್ತಿದ್ದರು: ಬಣ್ಣ ಹತ್ತಿದ ಕೈ, ಹಿಟ್ಟು ಹತ್ತಿದ ಕೈ, ಕದ್ದು ಬಂದು ನಡುಗುವ ಕಾಲೇಜು ಹುಡುಗನ ಕೈ. ಮಾವ ತಮ್ಮ ಗುರುವಿನ ಜೊತೆ ಆ ಟಾಕೀಸಿನ ಸೀಟುಗಳನ್ನೆಲ್ಲ ಹೊಸದಾಗಿ ಮಾಡಲು ಬಂದಿದ್ದರು. ದೊಡ್ಡ ಕೆಲಸ, ಬೇಸಿಗೆ ಪೂರ್ತಿ ನಡೆಯಿತು. ಇಬ್ಬರಿಗೂ ಪರಿಚಯವಾದದ್ದು ಹಾಗೆ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ಕತೆ. ಅದರ ಹಿಂದಿನದನ್ನು ಮಾವ ಯಾರಿಗೂ ಹೇಳಿರಲಿಲ್ಲ.

"ಒಳಗೆ ನಾರು, ಹತ್ತಿ, ಧೂಳು. ಬೆಂಕಿ ಕಡ್ಡಿ ಗೀರೋ ಹಾಗಿರ್ಲಿಲ್ಲ" ಎಂದು ಅವರು ಶುರು ಮಾಡಿದರು. ದವಡೆ ಪೂರ್ತಿ ತೆರೆಯಲಾರದೆ ನಿಧಾನವಾಗಿ ಮಾತಾಡುತ್ತಿದ್ದರು. "ಸೇದೋರು ಮಾತ್ರ ಹೊರಗೆ ಹೋಗಿ ಬರ್ಬೋದು ಅಂತ ನಮ್ಮ ಮಾಸ್ತರು ಬಿಟ್ಟಿದ್ರು. ಹೊರಗೆ ಅಂದ್ರೆ ಮುಂಭಾಗದ ನೆರಳು, ನಿನ್ನ ಕಿಂಡಿ ಪಕ್ಕ. ಒಂದಿನ ನಾನೂ ಹೋಗಿ ಬರ್ತೀನಿ ಅಂದೆ. 'ಸೇದದವನಿಗೆ ಹೊರಗೇನು ಕೆಲಸ?' ಅಂದ್ರು. ಮಾರನೇ ದಿನ ಬಡಗಿ ಹತ್ರ ಒಂದು ಈಸ್ಕೊಂಡೆ."

"ಅದಕ್ಕೆ ಮುಂಚೆ ಸೇದ್ತಿರ್ಲಿಲ್ವಾ?"

"ವಾಸನೆ ಕಂಡ್ರೆ ಆಗ್ತಿರ್ಲಿಲ್ಲ."

ಅತ್ತೆ ಮಡಿಲಲ್ಲಿದ್ದ ಕಾಳುಗಳನ್ನೇ ನೋಡುತ್ತ ಹೇಳಿದರು: "ಆ ಕೆಮ್ಮು. ಹೊರಗೆ ಯಾರೋ ಪ್ರಾಣ ಹೋಗೋ ಹಾಗೆ ಕೆಮ್ತಿದ್ರು. ಪಾಪ ಯಾರಿಗೋ ಕ್ಷಯ ಇರ್ಬೇಕು ಅಂತ ಕಿಂಡೀಲಿ ನೀರಿನ ಲೋಟ ಇಟ್ಟೆ."

"ಹ್ಞೂಂ. ಆಮೇಲೆ ದಿನಾ ಕೆಮ್ತಿದ್ದೆ."

"ಅದೂ ಸುಳ್ಳಾ?"

"ಮೊದಲ್ನೇ ದಿನದ್ದು ನಿಜ."

ನಾನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದೆ. ಅತ್ತೆ ನಗಲಿಲ್ಲ. ಇಷ್ಟು ವರ್ಷ ತಾವು ಬೈದು, ಬೇಡಿ, ಬೀಗ ಹಾಕಿ, ಕಿತ್ತೆಸೆದ ಆ ವಸ್ತು ತಮ್ಮ ಮನೆಗೆ ಯಾಕೆ ಬಂತೆಂಬುದನ್ನು ಅವರು ಆಗಷ್ಟೇ ಕೇಳಿದ್ದರು. ಮಡಿಲಲ್ಲಿದ್ದ ಕಾಳುಗಳನ್ನು ಬೋಗುಣಿಗೆ ಸುರಿದು ಕೇಳಿದರು:

"ಸರಿ, ಒಪ್ಪಿದೆ. ಮದುವೆ ಆದ್ಮೇಲೆ? ಆಮೇಲೆ ಯಾವ ಕಿಂಡಿ ಇತ್ತು?"

ಮಾವ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ಯೋಚಿಸಿದರು. ತಮ್ಮನ್ನು ತಾವೇ ಮೊದಲ ಸಲ ಕೇಳಿಕೊಳ್ಳುತ್ತಿರುವ ಹಾಗಿತ್ತು.

"ಅಂಗಡಿ ಬಾಗಿಲಿಗೆ ಬಂದು ನಿಂತ್ರೆ ಬೀದಿ ಕೊನೇಲಿ ಟಾಕೀಸಿನ ಗೋಪುರ ಕಾಣ್ತಿತ್ತು. ಸೇದ್ತಾ ಅದನ್ನ ನೋಡ್ತಿದ್ದೆ. ನೀನು ಕೆಲಸ ಬಿಟ್ಟು ಮನೇಲಿದ್ದಾಗ್ಲೂ ನೋಡ್ತಿದ್ದೆ. ಅದು ಮುಚ್ಚಿದ್ಮೇಲೂ ನೋಡ್ತಿದ್ದೆ. ಆಮೇಲೆ ಯಾವಾಗ್ಲೋ ನೋಡೋದು ಬಿಟ್ಟೋಯ್ತು. ಸೇದೋದು ಉಳ್ಕೊಳ್ತು."

"ನಾನು ಮನೇಲೇ ಇದ್ನಲ್ಲ."

"ನೀನು ಮನೇಲಿದ್ದೆ. ನಾನು ಅಂಗಡೀಲಿದ್ದೆ."

ಅತ್ತೆ ಬಟಾಣಿಯ ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ಹೋದರು. ಒಳಗೆ ನಲ್ಲಿ ಬಹಳ ಹೊತ್ತು ಸುರಿಯಿತು. ಪಾತ್ರೆಗಳ ಹತ್ತಿರ ಅಂದು ಅವರು ಜಗಳವಾಡಲಿಲ್ಲ. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು.

"ಟಾಕೀಸು ನೋಡ್ಕೊಂಡು ಬರೋಣ" ಎಂದರು.

"ಅದೀಗ ಗೋಡೌನು."

"ಆಗ್ಲಿ. ಗೋಡೌನೇ ನೋಡೋಣ."

ಪಟ್ಟಿ ಬದಲಾಯಿಸಿಕೊಂಡು ಬರುವ ದಿನ ಮೂವರೂ ಅಲ್ಲಿಂದ ನೇರವಾಗಿ ಟಾಕೀಸಿಗೆ ಹೋದೆವು. ಹೊರಗೋಡೆಯ ಬಣ್ಣ ಸುಲಿದಿತ್ತು. ದೊಡ್ಡ ಬಾಗಿಲಿಗೆ ತಗಡಿನ ಷಟರು, ಅದರ ಮುಂದೆ ಸ್ಟೂಲಿನ ಮೇಲೆ ಕಾವಲುಗಾರ. ಯಾವುದೋ ಫ್ರಿಜ್ ಕಂಪನಿಯವರು ಸರಕು ಇಟ್ಟಿದ್ದರು. ನಾವು ಫ್ರಿಜ್ ಕೊಳ್ಳಲು ಬಂದವರೆಂದು ತಿಳಿದ ಆ ಕಾವಲುಗಾರ, ಇಲ್ಲಿ ಮಾರುವುದಿಲ್ಲ, ಅಂಗಡಿಗೆ ಹೋಗಿ ಎಂದ. ಅತ್ತೆ, "ನಾನು ಇಲ್ಲಿ ಕೆಲಸ ಮಾಡ್ತಿದ್ದೆ ಕಣಪ್ಪಾ" ಎಂದರು. ಅವನು ಅವರನ್ನು ಮೇಲಿನಿಂದ ಕೆಳಗೆ ನೋಡಿ, ಏನೂ ಕೇಳದೆ ಷಟರನ್ನು ಸೊಂಟದವರೆಗೆ ಎತ್ತಿದ. ಬಗ್ಗಿ ಒಳಗೆ ಹೋದೆವು.

ಇಳಿಜಾರು ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳು ಎದ್ದು ನಿಂತು ತೆರೆಯಿದ್ದ ಗೋಡೆಯನ್ನು ಮುಚ್ಚಿದ್ದವು. ಬಾಲ್ಕನಿಗೆ ಹೋಗುವ ಮೆಟ್ಟಿಲ ಕೆಳಗೆ ಮುರಿದ ಸೀಟುಗಳ ಒಂದು ರಾಶಿ ಮಾತ್ರ ಉಳಿದಿತ್ತು. ಮಾವ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ತಿರುವಿ ಹಾಕಿ ತಳ ನೋಡತೊಡಗಿದರು. ಒಂದನ್ನು ಎತ್ತಿ ಬೆಳಕಿಗೆ ತಂದು, ಅಂಚಿನ ಮೊಳೆಗಳ ಸಾಲಿನ ಮೇಲೆ ಹೆಬ್ಬೆರಳು ಎಳೆದರು.

"ಇದು ನಂದೇ ಕೈ. ನೋಡಮ್ಮ, ಮೂಲೇಲಿ ಮೊಳೆ ಸೊಟ್ಟಗಿದೆ. ಆಗಿನ್ನೂ ಕಲೀತಿದ್ದೆ. ನಮ್ಮ ಮಾಸ್ತರಿಂದ ತಲೆಗೆ ಬಿತ್ತು ಇದಕ್ಕೆ."

ಅತ್ತೆ ಅಷ್ಟರಲ್ಲಿ ಪಕ್ಕದ ಸಣ್ಣ ಬಾಗಿಲು ತಳ್ಳಿಕೊಂಡು ಟಿಕೆಟ್ ಕೋಣೆಗೆ ಹೋಗಿದ್ದರು. ಅದು ಕೋಣೆಯೂ ಅಲ್ಲ, ಒಬ್ಬರು ಕೂರುವಷ್ಟು ಗೂಡು. ಕಾವಲುಗಾರನ ಊಟದ ಡಬ್ಬಿ, ಛತ್ರಿ, ಹಳೆಯ ಪೊರಕೆ ಇದ್ದವು. ಕಿಂಡಿ ಹಾಗೆಯೇ ಇತ್ತು, ಅದರ ಕೆಳಗಿನ ಕಲ್ಲು ಲಕ್ಷಾಂತರ ಕೈ ಸವರಿ ನುಣುಪಾಗಿ ತಗ್ಗಾಗಿತ್ತು. ಅತ್ತೆ ಪೆಟ್ಟಿಗೆಯೊಂದರ ಮೇಲೆ ಕೂತು, ಗಲ್ಲ ಅಂಗೈಯಲ್ಲಿಟ್ಟು ಹೊರಗೆ ನೋಡಿದರು. ಬೀದಿಯ ಒಂದು ಚೂರು, ಯಾರದೋ ಸೈಕಲ್ಲಿನ ಹಿಂಚಕ್ರ ಅಷ್ಟೇ ಕಾಣುತ್ತಿದ್ದದ್ದು.

ಮಾವ ಹೊರಗಿನಿಂದ ಬಂದು ಕಿಂಡಿಯ ಮುಂದೆ ನಿಂತರು. ಒಳಗಿದ್ದ ಅತ್ತೆಗೂ ಗೂಡಿನ ಬಾಗಿಲಲ್ಲಿ ನಿಂತಿದ್ದ ನನಗೂ ಅವರ ಅಂಗಿಯ ಗುಂಡಿಗಳಷ್ಟೇ ಕಂಡವು. ಸ್ವಲ್ಪ ತಡೆದು, ಕೈಯನ್ನು ಒಳಗೆ ಚಾಚಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು, ದಾರ ಎಳೆದು ಕಲ್ಲಾದ ಅಂಚು. ಅತ್ತೆ ಆ ಕೈಯನ್ನು ಮುಟ್ಟದೆ ನೋಡಿದರು. ಅವರ ಕಣ್ಣು ತುಂಬಿಕೊಂಡಿತ್ತು. ಆದರೆ ದನಿ ಮಾತ್ರ ಟಿಕೆಟ್ ಕೊಡುವವಳದ್ದೇ.

"ಹೌಸ್‌ಫುಲ್ ಆಗಿದೆ. ನಾಳೆ ಬನ್ನಿ."

"ನಿಂತ್ಕೊಂಡು ನೋಡ್ತೀನಿ ಅಂದ್ರೂ ಆಗಲ್ವಾ?" ಹೊರಗಿನಿಂದ ದನಿ ಬಂತು.

"ನಿಂತಿದ್ದು ಸಾಕು. ಮನೇಗೆ ನಡೀರಿ."

ಗುಂಡಿ ತುಂಬಿ ಮಾಯಲು ತಿಂಗಳೇ ಹಿಡಿಯಿತು. ಮಾವ ಅಂಗಡಿ ತೆರೆದು ಕೆಲಸಕ್ಕೆ ಕೂತರು. ಮೊದಮೊದಲು ಮೊಳೆಗಳನ್ನು ತಗಡಿನ ಬಟ್ಟಲಲ್ಲಿಟ್ಟು ಬೆರಳಲ್ಲಿ ಹೆಕ್ಕಿದರು. ಕೆಲಸ ಆಮೆಯ ಹಾಗೆ ಸಾಗಿತೆಂದು ಗೊಣಗಿ, ವಾಸಿಯಾದ ಮೇಲೆ ಮತ್ತೆ ಬಾಯಿಗೇ ಹಾಕಿಕೊಂಡರು. ಡಾಕ್ಟರ ಕುರ್ಚಿಗೆ ಹೊಸ ಹೊದಿಕೆ ಹಾಕಿದ್ದೂ ಆಗಲೇ. ಸಿಗರೇಟನ್ನು ಅವರು ಆಣೆ ಮಾಡಿ ಬಿಡಲಿಲ್ಲ. ಆ ಮಳೆಗಾಲದಲ್ಲಿ ಒಮ್ಮೆ ಸೈಕಲ್ ರಿಪೇರಿಯವನ ಜೊತೆ ಸೇದಿದರು, ಆಮೇಲೆ ಯಾರದೋ ಮದುವೆಯಲ್ಲಿ ಒಮ್ಮೆ. ಎರಡು ಸಲವೂ ಮನೆಗೆ ಬಂದು ತಾವಾಗಿಯೇ ಹೇಳಿದರು. ಅತ್ತೆ ಎರಡು ಸಲವೂ ಬೈದರು, ಆದರೆ ಮೊದಲಿನ ಕಾವು ಇರಲಿಲ್ಲ. ಮುಂದೆ ಅದು ತಾನಾಗಿಯೇ ಉದುರಿಹೋಯಿತು. ಯಾರಾದರೂ ಹೇಗೆ ಬಿಟ್ಟಿರಿ ಎಂದು ಕೇಳಿದರೆ, "ನಾನೆಲ್ಲಿ ಬಿಟ್ಟೆ, ಡಾಕ್ಟ್ರು ಹಲ್ಲಿನ ಜೊತೆ ಅದನ್ನೂ ಕಿತ್ರು" ಎನ್ನುತ್ತಿದ್ದರು.

ಸೇದಲು ಹೊರಗೆ ಬರುತ್ತಿದ್ದ ಹೊತ್ತಿನಲ್ಲಿ ಈಗ ಏನು ಮಾಡುವುದೆಂದು ತಿಳಿಯದೆ ಅವರು ಸಂಜೆಯ ಚಹಾಕ್ಕೆ ಮನೆಗೆ ಬರತೊಡಗಿದರು. ನಾನು ಶಾಲೆಯಿಂದ ಮರಳುವ ಹೊತ್ತಿಗೆ ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮಾತು ಹೆಚ್ಚಿರುತ್ತಿರಲಿಲ್ಲ. ಇಂದು ಯಾವ ಕುರ್ಚಿ ಬಂತು, ಎದುರುಮನೆಯವಳು ಯಾರ ಬಟ್ಟೆ ಕೆಡಿಸಿದಳು, ಇಂಥವೇ. ನನಗೂ ಒಂದು ಲೋಟ ಬಸಿದು, ಜರುಗಿ ಜಾಗ ಮಾಡಿಕೊಡುತ್ತಿದ್ದರು. ಸೊಸೆ ಎಂಬ ಸಂಕೋಚ ನನಗೆ ಕಳೆದದ್ದು ಆ ಮೆಟ್ಟಿಲ ಮೇಲೆ.

ಅಂಗಡಿಯನ್ನು ಬೇರೆಯವರಿಗೆ ವಹಿಸಿದ ಮೇಲೆ ಇಬ್ಬರಿಗೂ ಹೊಸ ಹುಚ್ಚೊಂದು ಹತ್ತಿತು, ಸಿನಿಮಾ ನೋಡುವುದು. ಟಿಕೆಟ್ ಕಿಂಡಿ ಮುಚ್ಚುವಷ್ಟರಲ್ಲಿ ಅರ್ಧ ಕತೆ ಕಳೆದಿರುತ್ತಿದ್ದುದರಿಂದ ಅತ್ತೆ ತಮ್ಮ ಕಾಲದ ಒಂದು ಸಿನಿಮಾದ ಆರಂಭವನ್ನೂ ನೋಡಿರಲಿಲ್ಲವಂತೆ. ಮಾವ ಹೊಸ ಥಿಯೇಟರಿನ ಸೀಟನ್ನು ಒತ್ತಿ ನೋಡಿ, "ಬರೀ ಗಾಳಿ ತುಂಬಿದಾರೆ" ಎಂದು ಹೀಗಳೆದು ಕೂತು, ಮಧ್ಯಂತರದ ಹೊತ್ತಿಗೆ ನಿದ್ದೆ ಹೋಗುತ್ತಿದ್ದರು. ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಅತ್ತೆ ಉಳಿದ ಕತೆಯನ್ನು ಹೇಳುತ್ತಿದ್ದರು.

ಮಾವ ಹೋದದ್ದು ಒಂದು ಚಳಿಗಾಲದ ಬೆಳಿಗ್ಗೆ, ಎದೆನೋವಿನಿಂದ, ಹೆಚ್ಚು ನರಳದೆ. ಸೈಕಲ್ ರಿಪೇರಿಯವನು, ಕನ್ನಡಕದಂಗಡಿಯವರು, ಹಲ್ಲಿನ ಡಾಕ್ಟರು ಎಲ್ಲರೂ ಬಂದಿದ್ದರು. ಅತ್ತೆ ಈಗ ನಮ್ಮ ಜೊತೆಗೇ ಇದ್ದಾರೆ, ಕಿವಿ ಸ್ವಲ್ಪ ಮಂದ. ರಜೆಯ ದಿನ ನಾನು ಅವರನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ. ಹೋದ ವಾರ ನನಗೆ ನಡುವೆ ಜೋಂಪು ಹತ್ತಿತ್ತು. ಕಣ್ಣುಬಿಟ್ಟಾಗ ಅವರು ನನ್ನತ್ತ ಬಾಗಿದ್ದರು.

"ಮಲ್ಕೋ, ಮಲ್ಕೋ" ಎಂದರು. "ದಾರೀಲಿ ಹೇಳ್ತೀನಿ."